ಗಾಡಿ ನಿಂತಿದೆ, ಈಗೇನು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಮಣ್ಣಿನ ದಾರಿಯಲ್ಲಿ ಬೈಕ್ ಓಡಿಸುವವರು ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದವೇ ಜಾಸ್ತಿ. ಎಲ್ಲವನ್ನೂ ಕೂತು ಓದಿದೆ. ಗಾಡಿ ಕೆಟ್ಟಿದ್ದರಿಂದಲೇ ಪೆಟ್ಟಾದವರು ಕಡಿಮೆ. ಕೆಟ್ಟ ಮೇಲೆ ಗಡಿಬಿಡಿಯಲ್ಲಿ ಏನೋ ಮಾಡಲು ಹೋಗಿ ಕೈಕಾಲು ಮುರಿದುಕೊಂಡವರು, ಇಂಜಿನ್ ಹಾಳು ಮಾಡಿಕೊಂಡವರೇ ಹೆಚ್ಚು. ಗಾಡಿ ನಿಂತಾಗ ನೀವೂ ಎರಡು ನಿಮಿಷ ನಿಲ್ಲಿ ಅನ್ನೋದನ್ನ ಈ ಸಲ ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ಮಳೆ ಬಂದ ಮರುದಿನ ನಾನು, ಗೆಳೆಯ ಎರೆ ಹೊಲದ ಚಕ್ಕಡಿ ದಾರಿಯಲ್ಲಿ ಹೋದೆವು. ನೂರು ಹೆಜ್ಜೆ ಹೋಗಿರಲಿಲ್ಲ, ಮುಂದಿನ ಗಾಲಿ ತಿರುಗುವುದೇ ನಿಂತಿತು, ಹ್ಯಾಂಡಲ್ ಮೇಲಿಂದ ಹಾರಿ ಬಿದ್ದೆ. ಬ್ರೇಕ್ ಜಾಮ್ ಆಗಿದೆ ಅಂತ ಬಿಚ್ಚಿಸಿ ನೋಡಿಸಿದರೆ ಏನೂ ತೊಂದರೆ ಇಲ್ಲ ಅಂದರು. ಹಾಗಾದರೆ ಏನಾಯಿತು?
(ಓದುಗರು, ತಿಕೋಟಾ)

ಉತ್ತರ: ಬ್ರೇಕ್ ಅಲ್ಲ ತಮ್ಮಾ, ಮಣ್ಣು. ನಮ್ಮ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಇರುತ್ತದೆ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಹಿಡಿದ ತೇವವನ್ನು ಬೇಗ ಬಿಡುವುದಿಲ್ಲ, ಅದಕ್ಕೇ ಹಿಂಗಾರಿ ಜೋಳ ಮಳೆ ಇಲ್ಲದಿದ್ದರೂ ಆ ತೇವದಲ್ಲೇ ತೆನೆ ಕಟ್ಟುತ್ತದೆ. ಬೆಳೆಗೆ ಒಳ್ಳೆಯದಾದ ಆ ಗುಣವೇ ಗಾಲಿಗೆ ಕಂಟಕ. ಹಸಿ ಎರೆ ಟೈರಿಗೆ ಪದರ ಪದರವಾಗಿ ಮೆತ್ತುತ್ತಾ ಹೋಗುತ್ತದೆ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಇರುವ ನಾಲ್ಕು ಬೆರಳು ಜಾಗ ತುಂಬುತ್ತದೆ, ಆಮೇಲೆ ಗಾಲಿ ಕಟ್ಟಿ ಹಾಕಿದಂತೆ ನಿಲ್ಲುತ್ತದೆ. ಸವಾರ ಮಾತ್ರ ಮುಂದಕ್ಕೆ ಹೋಗುತ್ತಾನೆ. ನಿಮಗೆ ಆಗಿದ್ದು ಇದೇ.

ಹೋಗುವ ಮುಂಚೆ ಒಂದು ಪರೀಕ್ಷೆ ಮಾಡಿ. ಗಾಡಿಯಿಂದ ಇಳಿದು ಆ ದಾರಿಯಲ್ಲಿ ಹತ್ತು ಹೆಜ್ಜೆ ನಡೆಯಿರಿ. ಬೂಟಿನ ತಳ ಎತ್ತಿ ನೋಡಿ. ಮಣ್ಣು ಮೆತ್ತಿಕೊಂಡು ಬಂದಿದ್ದರೆ, ಕಾಲು ಭಾರ ಅನ್ನಿಸಿದರೆ ಅವತ್ತು ಆ ದಾರಿ ಬೇಡ. ಚೆನ್ನಾಗಿ ಬಿಸಿಲು ಬಿದ್ದರೂ ಎರಡು ಮೂರು ದಿನ ಬಿಡಬೇಕು. ಮೇಲೆ ಒಣಗಿ ಬೂದು ಬಣ್ಣಕ್ಕೆ ಬಂದಿರುತ್ತದೆ, ಕೆಳಗೆ ಒಂದು ಗೇಣು ಹಸಿಯೇ ಇರುತ್ತದೆ, ಕಣ್ಣಿಗೆ ಮೋಸ. ಪಕ್ಕದ ಬದುವಿನ ಮೇಲೆ ಹೋದರಾಯಿತು ಅನ್ನಬೇಡಿ, ಅದು ಒಬ್ಬ ರೈತನ ವರ್ಷದ ದುಡಿಮೆ.

ಸಿಕ್ಕಿಬಿದ್ದೇಬಿಟ್ಟರೆ ಎಕ್ಸಲೇಟರ್ ಕೊಟ್ಟು ಎಳೆಯಬೇಡಿ. ಗಾಲಿ ಸಿಕ್ಕಿಕೊಂಡಿರುವಾಗ ಎಳೆದಷ್ಟೂ ಕ್ಲಚ್ ಜಾರಿ ಸುಡುತ್ತದೆ, ಸುಟ್ಟ ವಾಸನೆ ಮೂಗಿಗೆ ಬರುವ ಹೊತ್ತಿಗೆ ಪ್ಲೇಟ್ ಅರ್ಧ ಹೋಗಿರುತ್ತದೆ. ಇಂಜಿನ್ ಬಂದ್ ಮಾಡಿ, ಚಾವಿ ತೆಗೆದು ಜೇಬಿಗೆ ಹಾಕಿ, ಆಮೇಲೆ ಕಟ್ಟಿಗೆಯಿಂದ ಮಣ್ಣು ತೆಗೆಯಿರಿ. ಕಟ್ಟಿಗೆಯಿಂದಲೇ, ಬೆರಳಿನಿಂದ ಅಲ್ಲ. ಬಸವನ ಬಾಗೇವಾಡಿ ಕಡೆ ಒಮ್ಮೆ ನಾನು ಬೆರಳು ಹಾಕಿ ಕೆದರುತ್ತಿದ್ದಾಗ ಗೆಳೆಯ ನನಗೆ ಸಹಾಯವಾಗಲಿ ಅಂತ ಹಿಂದಿನಿಂದ ಗಾಡಿ ದಬ್ಬಿದ. ಗಾಲಿ ಅರ್ಧ ಸುತ್ತು ತಿರುಗಿತು, ನಡುಬೆರಳಿನ ಉಗುರು ಅಲ್ಲೇ ಉಳಿಯಿತು. ಈಗಲೂ ಆ ಬೆರಳಿನ ತುದಿಗೆ ಸರಿಯಾಗಿ ಸ್ಪರ್ಶ ಗೊತ್ತಾಗುವುದಿಲ್ಲ.

ಮನೆಗೆ ಬಂದ ಮೇಲೆ ಅವತ್ತೇ ತೊಳೆಯಿರಿ. ಮುಂದಿನ ಚೈನ್ ಸ್ಪ್ರಾಕೆಟ್ (ಚೈನ್ ಓಡಿಸುವ ಹಲ್ಲಿನ ಚಕ್ರ) ಮೇಲಿನ ಮುಚ್ಚಳದ ಒಳಗೆ ಸೇರಿದ ಎರೆ ರಾತ್ರಿ ಕಳೆದರೆ ಕಲ್ಲಾಗುತ್ತದೆ. ಆ ಮುಚ್ಚಳ ಬಿಚ್ಚಿ ತೊಳೆಯುವವರು ಕಡಿಮೆ, ನೀವು ಬಿಚ್ಚಿ.

ಪ್ರಶ್ನೆ: ಜಾಂಬೋಟಿ ದಾಟಿ ಕಣಕುಂಬಿ ಕಡೆ ಒಂದು ಹಳ್ಳ ದಾಟುವಾಗ ಗಾಡಿ ನಡುನೀರಿನಲ್ಲಿ ನಿಂತಿತು. ಸೆಲ್ಫ್ ಒತ್ತಿದೆ, ‘ಟಕ್’ ಅಂತ ಸದ್ದಾಗಿ ಜಾಮ್ ಆಯಿತು. ಈಗ ಮೆಕ್ಯಾನಿಕ್ ಕನೆಕ್ಟಿಂಗ್ ರಾಡ್ ಬಾಗಿದೆ, ಇಂಜಿನ್ ಪೂರ್ತಿ ಬಿಚ್ಚಬೇಕು ಅನ್ನುತ್ತಾರೆ. ದುಡ್ಡು ಕೀಳಲು ಹೇಳುತ್ತಿದ್ದಾರಾ?
(ಓದುಗರು, ಖಾನಾಪುರ)

ಉತ್ತರ: ಇಲ್ಲ, ಅವರು ಹೇಳಿದ್ದು ಸರಿ ಇರಬೇಕು. ನಿಮಗೆ ಬೇಜಾರಾಗುತ್ತದೆ ಅಂತ ಗೊತ್ತು, ಆದರೂ ಬಿಡಿಸಿ ಹೇಳುತ್ತೇನೆ, ಇನ್ನೊಬ್ಬರಿಗೆ ಉಪಯೋಗವಾಗಲಿ.

ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಯ ಮಟ್ಟಕ್ಕೆ ನೀರು ಬಂದರೆ ಗಾಳಿಯ ಜೊತೆ ನೀರೂ ಸಿಲಿಂಡರ್ ಒಳಗೆ ಹೋಗುತ್ತದೆ. ಪಿಸ್ಟನ್ ಮೇಲೆ ಬಂದು ಗಾಳಿಯನ್ನು ಒತ್ತಿದರೆ ಗಾಳಿ ಕುಗ್ಗುತ್ತದೆ. ನೀರು ಕುಗ್ಗುವುದಿಲ್ಲ. ಕೆಳಗಿನಿಂದ ಸ್ಟಾರ್ಟರ್ ತಳ್ಳುತ್ತಿದೆ, ಮೇಲೆ ನೀರು ಜಪ್ಪಯ್ಯ ಅಂದರೂ ಜಾಗ ಬಿಡುತ್ತಿಲ್ಲ, ನಡುವೆ ಸಿಕ್ಕ ರಾಡ್ ಬಾಗುತ್ತದೆ. ನೀವು ಕೇಳಿದ ‘ಟಕ್’ ಅದೇ. ಅಂದರೆ ಗಾಡಿ ನೀರಿನಲ್ಲಿ ನಿಂತಾಗ ಇಂಜಿನ್ ಇನ್ನೂ ಚೆನ್ನಾಗಿಯೇ ಇದ್ದಿರಬಹುದು, ಸೆಲ್ಫ್ ಒತ್ತಿದ್ದರಿಂದ ಹೋಯಿತು.

ನೀರಿನಲ್ಲಿ ಗಾಡಿ ನಿಂತರೆ ಅಥವಾ ಬಿದ್ದರೆ ಕಿಲ್ ಸ್ವಿಚ್ (ಹ್ಯಾಂಡಲ್ ಮೇಲಿರುವ, ಇಂಜಿನ್ ಬಂದ್ ಮಾಡುವ ಸ್ವಿಚ್) ಒತ್ತಿ, ಚಾವಿ ಬಂದ್ ಮಾಡಿ, ದಬ್ಬಿಕೊಂಡು ದಡಕ್ಕೆ ತನ್ನಿ. ಸೆಲ್ಫೂ ಬೇಡ, ಕಿಕ್ಕೂ ಬೇಡ. ದಡದಲ್ಲಿ ಇಬ್ಬರು ಸೇರಿ ಮುಂದಿನ ಗಾಲಿ ಎತ್ತಿ ಹಿಡಿಯಿರಿ, ಸೈಲೆನ್ಸರ್‌ನಲ್ಲಿದ್ದ ನೀರು ಹಿಂದಿನಿಂದ ಸುರಿದುಹೋಗಲಿ. ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿ. ಒಳಗೆ ಒಣಗಿದ್ದರೆ ಅರ್ಧ ಚಿಂತೆ ಹೋಯಿತು. ಫಿಲ್ಟರ್ ನೆನೆದಿದ್ದರೆ ಪ್ಲಗ್ ಬಿಚ್ಚಲೇಬೇಕು. ಪ್ಲಗ್ ತೆಗೆದು, ಚಾವಿ ಬಂದ್ ಇಟ್ಟುಕೊಂಡೇ, ಮೇಲಿನ ಗೇರ್ ಹಾಕಿ ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸಿ. ಪ್ಲಗ್ ತೂತಿನಿಂದ ನೀರು ಪಿಚಕಾರಿಯಂತೆ ಹಾರುತ್ತದೆ, ಮುಖ ಅಡ್ಡ ಇಡಬೇಡಿ. ನೀರು ಬರುವುದು ನಿಲ್ಲುವವರೆಗೂ ತಿರುಗಿಸಿ. ಪ್ಲಗ್ ಒರೆಸಿ, ಫಿಲ್ಟರ್ ಒಣಗಿಸಿ ಹಾಕಿ.

ಸ್ಟಾರ್ಟ್ ಮಾಡುವ ಮುಂಚೆ ಇಂಜಿನ್ ಆಯಿಲ್ ನೋಡಿ. ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಆಯಿಲ್‌ಗೆ ನೀರು ಸೇರಿದೆ. ಆ ಆಯಿಲ್ ಹಾಕಿಕೊಂಡು ಮನೆವರೆಗೆ ಹೋದರಾಯಿತು ಅನ್ನಬೇಡಿ. ಟೆಂಪೋ ಕರೆಸಿ.

ಇಷ್ಟೆಲ್ಲ ಬೇಡ ಅಂದರೆ ಹಳ್ಳವನ್ನು ಮೊದಲು ನಡೆದು ದಾಟಿ. ಮೊಣಕಾಲು ಮುಳುಗಿದರೆ, ಅಥವಾ ನೀರಿನ ಸೆಳೆತಕ್ಕೆ ಕಾಲು ಜಾರಿದರೆ ಗಾಡಿಗೂ ಆ ನೀರು ಬೇಡ. ಮಲಪ್ರಭೆ ಹುಟ್ಟುವುದೇ ಕಣಕುಂಬಿಯಲ್ಲಿ, ಮಳೆಗಾಲದಲ್ಲಿ ಅಲ್ಲಿ ಬೆಳಗ್ಗೆ ಕಂಡ ಹಳ್ಳ ಮಧ್ಯಾಹ್ನಕ್ಕೆ ಬೇರೆಯೇ ಆಗಿರುತ್ತದೆ. ಇನ್ನೊಂದು ಮಾತು. ಖಾನಾಪುರ ತಾಲ್ಲೂಕಿನ ಭೀಮಗಡ 2011ರಿಂದ ವನ್ಯಜೀವಿ ಧಾಮ. ಅಪ್ಪಣೆ ಇಲ್ಲದೆ ಅದರೊಳಗಿನ ಕಾಡುದಾರಿಗೆ ಗಾಡಿ ಇಳಿಸುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಬಿಡಿ, ಕರಡಿ ಇರುವ ಕಾಡು ಅದು, ಅಲ್ಲಿ ಗಾಡಿ ಕೆಟ್ಟರೆ ಯಾರನ್ನು ಕೂಗುತ್ತೀರಿ?

ಪ್ರಶ್ನೆ: ಮಹಾಕೂಟದ ಹತ್ತಿರ ಕ್ಲಚ್ ವೈರ್ ಕಿತ್ತುಹೋಯಿತು. ಬಾದಾಮಿವರೆಗೆ ದಬ್ಬಿಕೊಂಡು ಬಂದೆ, ಬಿಸಿಲಿಗೆ ಜೀವ ಹೋಯಿತು. ಬೇರೆ ದಾರಿ ಇತ್ತಾ?
(ಓದುಗರು, ಬಾದಾಮಿ)

ಉತ್ತರ: ಇತ್ತು ಅಣ್ಣಾ. ಕ್ಲಚ್ ಇಲ್ಲದೆಯೂ ಗಾಡಿ ಓಡುತ್ತದೆ, ನಿಲ್ಲಿಸುವುದು ಮತ್ತು ಹೊರಡಿಸುವುದು ಮಾತ್ರ ಕಷ್ಟ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ. ಇಳಿಜಾರಿದ್ದರೆ ಸುಮ್ನೆ ಉರುಳಲು ಬಿಡಿ, ಇಲ್ಲದಿದ್ದರೆ ಗೆಳೆಯರಿಂದ ದಬ್ಬಿಸಿ. ಓಡುವ ಹೆಜ್ಜೆಯ ವೇಗಕ್ಕೆ ಬಂದಾಗ ಒಂದನೇ ಗೇರ್ ಒತ್ತಿ. ಒಂದು ಎಳೆತ ಎಳೆಯುತ್ತದೆ, ಹ್ಯಾಂಡಲ್ ಗಟ್ಟಿ ಹಿಡಿದಿರಿ. ಮುಂದಿನ ಗೇರಿಗೆ ಹೋಗಲು ಪಾದದಿಂದ ಗೇರ್ ಲಿವರನ್ನು ಮೊದಲೇ ಮೆಲ್ಲಗೆ ಒತ್ತಿಟ್ಟುಕೊಂಡು ಎಕ್ಸಲೇಟರ್ ಚಣ ಹೊತ್ತು ಬಿಡಿ, ತಾನೇ ಬೀಳುತ್ತದೆ. ಎರಡು ಅಥವಾ ಮೂರನೇ ಗೇರಿನಲ್ಲೇ ಉಳಿಯಿರಿ. ನಿಲ್ಲಿಸಬೇಕಾದರೆ ದೂರದಿಂದಲೇ ವೇಗ ಇಳಿಸಿ, ಗಾಡಿ ಉರುಳುತ್ತಿರುವಾಗಲೇ ನ್ಯೂಟ್ರಲ್ ಮಾಡಿ. ನ್ಯೂಟ್ರಲ್ ಸಿಗದಿದ್ದರೆ ಕಿಲ್ ಸ್ವಿಚ್ ಒತ್ತಿ. ಊರೊಳಗೆ, ಸಂತೆಯ ಜನದ ನಡುವೆ ಇದನ್ನು ಮಾಡಬೇಡಿ, ಊರ ಹೊರಗೆ ನಿಲ್ಲಿಸಿ ಮೆಕ್ಯಾನಿಕ್‌ನನ್ನೇ ಕರೆಸಿ.

ವೈರ್ ಒಮ್ಮೆಲೇ ಹರಿಯುವುದಿಲ್ಲ, ಮುಂಚೆಯೇ ಸೂಚನೆ ಕೊಡುತ್ತದೆ. ಹೆಚ್ಚಾಗಿ ಹರಿಯುವುದು ಲಿವರ್ ಹತ್ತಿರ, ತುದಿಯ ಗುಂಡು ಕೂತಿರುವ ಜಾಗದಲ್ಲಿ. ಲಿವರ್ ಅರ್ಧ ಹಿಡಿದು, ಮೇಲಿನ ರಬ್ಬರ್ ಸರಿಸಿ ನೋಡಿ. ಕೂದಲಿನಂಥ ಒಂದು ಎಳೆ ಬಿಚ್ಚಿಕೊಂಡು ಹೊರಗೆ ಚಾಚಿರುತ್ತದೆ, ಬೆರಳಿಗೆ ಚುಚ್ಚುತ್ತದೆ. ಒಂದು ಎಳೆ ಕಂಡ ದಿನವೇ ಬದಲಾಯಿಸಿ. ಜೊತೆಗೆ ಇನ್ನೊಂದು ವೈರನ್ನು ಹಾಕಿರುವುದರ ಪಕ್ಕದಲ್ಲೇ ಎಳೆದು ಟೈ ಕಟ್ಟಿ ಇಟ್ಟುಬಿಡಿ, ಹರಿದಾಗ ಎರಡು ತುದಿ ಸಿಕ್ಕಿಸಿದರೆ ಮುಗಿಯಿತು. ಐದು ನಿಮಿಷದ ಕೆಲಸ.

ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಳ್ಳುವುದಾದರೆ ನಿಮ್ಮ ಗಾಡಿಗೆ ಹಗ್ಗ ಗಂಟು ಹಾಕಲೇಬೇಡಿ. ಫುಟ್‌ರೆಸ್ಟಿಗೆ ಎರಡು ಸುತ್ತು ಸುತ್ತಿ, ತುದಿಯನ್ನು ಬೂಟಿನಿಂದ ತುಳಿದು ಹಿಡಿಯಿರಿ. ಆಯ ತಪ್ಪಿತು ಅನ್ನಿಸಿದರೆ ಕಾಲೆತ್ತಿ, ಹಗ್ಗ ಬಿಚ್ಚಿಕೊಂಡು ಹೋಗುತ್ತದೆ. ಹ್ಯಾಂಡಲಿಗೆ ಕಟ್ಟಿದರೆ ಬೀಳುವುದು ಖಂಡಿತ.

ಪ್ರಶ್ನೆ: ಗುಡ್ಡದಲ್ಲಿ ಬಿದ್ದು ಎದ್ದ ಮೇಲೆ ಗಾಡಿ ಸ್ಟಾರ್ಟೇ ಆಗಲಿಲ್ಲ. ಬ್ಯಾಟರಿ ಇಳಿಯುವವರೆಗೂ ಸೆಲ್ಫ್ ಹೊಡೆದೆ. ಮರುದಿನ ಗ್ಯಾರೇಜಿನಲ್ಲಿ ಒಂದೇ ಸಲಕ್ಕೆ ಶುರುವಾಯಿತು!
(ಓದುಗರು, ಗೋಕಾಕ)

ಉತ್ತರ: ಈಗಿನ ಬಹಳಷ್ಟು ಫ್ಯುಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಗಾಡಿ ಅಡ್ಡ ಬಿದ್ದರೆ ಇಂಜಿನ್ ಬಂದ್ ಮಾಡುವ ಸೆನ್ಸರ್ ಇರುತ್ತದೆ. ಎತ್ತಿ ನಿಲ್ಲಿಸಿದ ಮೇಲೆ ಚಾವಿಯನ್ನು ಒಮ್ಮೆ ಪೂರ್ತಿ ಬಂದ್ ಮಾಡಿ ಮತ್ತೆ ತಿರುಗಿಸಬೇಕು, ಇಲ್ಲದಿದ್ದರೆ ಎಷ್ಟು ಒತ್ತಿದರೂ ಇಲ್ಲ. ಅದಾದ ಮೇಲೆ ಕಿಲ್ ಸ್ವಿಚ್ ನೋಡಿ, ಬೀಳುವಾಗ ಕೈ ತಾಗಿರುತ್ತದೆ. ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ಮಣ್ಣು ತುಂಬಿದ್ದರೆ ಸ್ಟ್ಯಾಂಡ್ ಎತ್ತಿದ್ದರೂ ಗಾಡಿ ಇಳಿಸಿದೆ ಅಂದುಕೊಳ್ಳುತ್ತದೆ, ಗೇರ್ ಹಾಕಿದ ಕೂಡಲೇ ಬಂದ್ ಆಗುತ್ತದೆ. ನೀರು ಹಾಕಿ ತೊಳೆದರೆ ಸರಿ. ಕೊನೆಗೆ ಫ್ಯೂಸ್. ಹೋಗಿದ್ದರೆ ಅಷ್ಟೇ ಆಂಪಿಯರ್‌ನದ್ದು ಹಾಕಿ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಬೇಡಿ, ವೈರಿಂಗ್ ಸುಡುತ್ತದೆ.

ಇದೆಲ್ಲಕ್ಕಿಂತ ಮೊದಲು ನಿಮ್ಮ ಮೈ ನೋಡಿಕೊಳ್ಳಿ. ಬಿದ್ದ ಬಿಸಿಯಲ್ಲಿ ನೋವು ಗೊತ್ತಾಗುವುದಿಲ್ಲ. ಕೂತು, ನೀರು ಕುಡಿದು, ಕೈ ಬೆರಳು, ಮಣಿಕಟ್ಟು, ಭುಜ ಒಂದೊಂದಾಗಿ ಆಡಿಸಿ ನೋಡಿ ಆಮೇಲೆ ಗಾಡಿ ಎತ್ತಿ.

ಪ್ರಶ್ನೆ: ಇಳಕಲ್ ಸುತ್ತ ಮಡ್ಡಿ ಹೊಲಗಳಲ್ಲಿ ಓಡಾಡುತ್ತೇನೆ. ವಾರಕ್ಕೊಂದು ಪಂಚರ್. ಗಾಳಿ ಎಷ್ಟು ಇಡಬೇಕು?
(ಓದುಗರು, ಇಳಕಲ್)

ಉತ್ತರ: ಯಾವ ಪಂಚರ್ ಅನ್ನುವುದನ್ನು ಟ್ಯೂಬೇ ಹೇಳುತ್ತದೆ. ಒಂದೇ ತೂತಾದರೆ ಬಳ್ಳಾರಿ ಜಾಲಿ ಮುಳ್ಳು. ಅಕ್ಕಪಕ್ಕ ಎರಡು ಸೀಳು, ಹಾವು ಕಚ್ಚಿದಂತೆ ಇದ್ದರೆ ಗಾಳಿ ಕಡಿಮೆಯಾಗಿ, ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕು ಹರಿದಿದೆ.

ಸ್ಪೋಕ್ ಗಾಲಿ, ಟ್ಯೂಬ್ ಟೈರ್ ಆದರೆ ಕಲ್ಲು ಮಡ್ಡಿಯಲ್ಲಿ 22ರಿಂದ 24 ಪಿಎಸ್ಐ ಇಡಿ. ಮಲಪ್ರಭೆ ದಂಡೆಯ ಮರಳಿನಂಥ ಜಾಗದಲ್ಲಿ 18ರವರೆಗೆ ಇಳಿಸಬಹುದು, ಅದಕ್ಕಿಂತ ಕೆಳಗೆ ಬೇಡ. ಡಾಂಬರ್ ರಸ್ತೆಗೆ ಬಂದ ಕೂಡಲೇ ಕಂಪನಿ ಹೇಳಿದಷ್ಟು ತುಂಬಿಸಿ, ಅದಕ್ಕೆ ಕೈ ಪಂಪು ಜೊತೆಗಿರಲಿ. ಗಾಳಿ ಕಡಿಮೆ ಇದ್ದಾಗ ಟೈರು ರಿಮ್ಮಿನ ಮೇಲೆ ಜಾರುತ್ತದೆ, ಟ್ಯೂಬನ್ನೂ ಎಳೆಯುತ್ತದೆ. ವಾಲ್ವ್ ಒಂದು ಕಡೆ ವಾಲಿ ನಿಂತಿದ್ದರೆ ಅದೇ ಗುರುತು. ಬಿಟ್ಟರೆ ವಾಲ್ವ್ ಬುಡದಲ್ಲೇ ಕಿತ್ತುಹೋಗುತ್ತದೆ, ಅದಕ್ಕೆ ಪ್ಯಾಚ್ ಹಾಕಲು ಬರುವುದಿಲ್ಲ.

ಟ್ಯೂಬ್ ಬದಲಿಸುವಾಗ ಟೈರಿನ ಒಳಮೈಯನ್ನು ಬಟ್ಟೆಯಿಂದ ಒಂದು ಸುತ್ತು ಒರೆಸಿ. ಮುರಿದ ಮುಳ್ಳಿನ ತುದಿ ರಬ್ಬರಿನಲ್ಲೇ ಕೂತಿರುತ್ತದೆ, ಬಟ್ಟೆ ಸಿಕ್ಕಿಕೊಂಡ ಕಡೆ ಪಕ್ಕಡಿನಿಂದ ಕೀಳಿ. ವಾರಕ್ಕೊಂದು ಪಂಚರ್ ಅಂದಿರಲ್ಲ, ಅದೇ ಹಳೇ ಮುಳ್ಳು ಮತ್ತೆ ಮತ್ತೆ ಚುಚ್ಚುತ್ತಿದೆ ಅಂತ ನನಗೆ ಅನುಮಾನ.

ಚೀಲದಲ್ಲಿ ಒಂದು ಚೈನ್ ಲಾಕ್ (ಚೈನಿನ ಎರಡು ತುದಿ ಜೋಡಿಸುವ ಕೊಂಡಿ) ಕೂಡ ಇರಲಿ. 428, 520 ಅಂತ ಚೈನಿನ ಅಳತೆ ಅದರ ಪಟ್ಟಿಯ ಮೇಲೆ ಅಚ್ಚಾಗಿರುತ್ತದೆ, ನಿಮ್ಮದಕ್ಕೆ ಹೊಂದುವುದನ್ನೇ ಕೊಳ್ಳಿ. ಹಾಕುವಾಗ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ತಿರುಗಾಮುರುಗಾ ಹಾಕಿದರೆ ಏನಾದರೂ ತಾಗಿ ಕಳಚುತ್ತದೆ, ಕಳಚಿದ ಚೈನ್ ಮುಂದಿನ ಸ್ಪ್ರಾಕೆಟ್ ಹತ್ತಿರ ಮುದ್ದೆಯಾದರೆ ಇಂಜಿನ್ ಕೇಸನ್ನೇ ಒಡೆಯಬಹುದು.

ಪ್ರಶ್ನೆ: ನನ್ನ ಹತ್ತಿರ ಇರುವುದು ಅಪ್ಪನ ಹಳೇ 100 ಸಿಸಿ ಗಾಡಿ. ಆಫ್‌ರೋಡ್ ಕಲಿಯಬೇಕೆಂದರೆ ಹೊಸ ಗಾಡಿ ಕೊಳ್ಳಲೇಬೇಕಾ?
(ಓದುಗರು, ಮುಧೋಳ)

ಉತ್ತರ: ಬೇಡ. ಆ ಗಾಡಿಯ ಮೇಲೆ ಹಾಲಿನ ಕ್ಯಾನು, ಮೇವಿನ ಹೊರೆ ಹೇರಿಕೊಂಡು ಹೊಲದ ದಾರಿಯಲ್ಲಿ ದಿನಾ ಓಡಾಡುವ ರೈತರನ್ನು ನೋಡಿ ಕಲಿಯಿರಿ, ಅವರು ಎಲ್ಲಿ ವೇಗ ಇಳಿಸುತ್ತಾರೆ, ಎಲ್ಲಿ ಕಾಲು ಕೆಳಗೆ ಬಿಡುತ್ತಾರೆ ನೋಡಿ. ಫುಟ್‌ರೆಸ್ಟ್ ಮೇಲೆ ನಿಂತು, ಮೊಣಕಾಲಿನಿಂದ ಟ್ಯಾಂಕ್ ಹಿಡಿದು, ಕಣ್ಣು ದೂರ ಇಟ್ಟು ನಿಧಾನಕ್ಕೆ ಓಡಿಸುವುದನ್ನು ಖಾಲಿ ಮೈದಾನದಲ್ಲಿ ಕಲಿಯಿರಿ. ದುಡ್ಡನ್ನು ಮೊದಲು ಐಎಸ್ಐ ಗುರುತಿನ, ಐಎಸ್ 4151 ಎಂದು ಬರೆದಿರುವ ಹೆಲ್ಮೆಟ್‌ಗೆ, ಆಮೇಲೆ ಕಣಕಾಲು ಮುಚ್ಚುವ ಗಟ್ಟಿ ಬೂಟಿಗೆ, ಮೊಣಕಾಲಿನ ಗಾರ್ಡ್‌ಗೆ ಹಾಕಿ. ಮಣ್ಣಿನ ದಾರಿಯಲ್ಲಿ ಪಾದ ಗಾಡಿಯ ಕೆಳಗೆ ಸಿಕ್ಕುವುದು ಬಹಳ, ಚಪ್ಪಲಿ ಹಾಕಿ ಹೋಗುವವರನ್ನು ಕಂಡರೆ ನನಗೆ ಹೊಟ್ಟೆ ಕಲಕುತ್ತದೆ.

ಪ್ರಶ್ನೆ: ಚೋರ್ಲಾ ಘಾಟ್ ಇಳಿಯುವಾಗ ಹಿಂದಿನ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು, ಬ್ರೇಕೇ ಹಿಡಿಯಲಿಲ್ಲ. ತಣ್ಣಗಾದ ಮೇಲೆ ಸರಿಯಾಯಿತು. ಹಾಗೇ ಬಿಡಲಾ?
(ಓದುಗರು, ಬೆಳಗಾವಿ)

ಉತ್ತರ: ಬಿಡಬೇಡಿ. ಬ್ರೇಕ್ ಆಯಿಲ್ ಕುದ್ದಿದೆ. ಅದು ಗಾಳಿಯ ತೇವ ಹೀರಿಕೊಳ್ಳುವ ಗುಣದ್ದು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕಡಿಮೆ ಎಂದರೂ 230 ಡಿಗ್ರಿವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಅದೇ ಮಟ್ಟ 155ಕ್ಕೆ ಇಳಿಯುತ್ತದೆ. ಕುದ್ದರೆ ಆವಿಯ ಗುಳ್ಳೆ ಏಳುತ್ತವೆ, ನೀವು ಪೆಡಲ್ ಒತ್ತಿದ್ದೆಲ್ಲ ಗುಳ್ಳೆ ಕುಗ್ಗಿಸುವುದರಲ್ಲೇ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಇಳಿಜಾರಿನಲ್ಲಿ ಪಾದವನ್ನು ಪೆಡಲ್ ಮೇಲೆ ಇಟ್ಟುಕೊಂಡೇ ಇರುವ ಅಭ್ಯಾಸ ಇದೆಯಾ ನೋಡಿಕೊಳ್ಳಿ. ಎರಡನೇ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ತಡೆಯಲಿ. ಬ್ರೇಕ್ ಮತ್ತೆ ಹಾಗೆ ಕೈಕೊಟ್ಟರೆ ಪೆಡಲನ್ನು ಬೇಗ ಬೇಗ ನಾಲ್ಕೈದು ಸಲ ಒತ್ತಿ, ಮುಂದಿನ ಬ್ರೇಕ್ ಮೆಲ್ಲಗೆ ಹಿಡಿದು ಬದಿಗೆ ನಿಲ್ಲಿಸಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ.

ಪ್ರಶ್ನೆ: ನನ್ನ ತಮ್ಮ ಭಾನುವಾರ ನಸುಕಿನಲ್ಲಿ ಗಾಡಿ ತೆಗೆದರೆ ಬರುವುದು ರಾತ್ರಿ. ಎಲ್ಲಿ ಹೋಗುತ್ತಾನೆ ಹೇಳುವುದಿಲ್ಲ, ಫೋನ್ ಹತ್ತುವುದಿಲ್ಲ. ಅವ್ವ ಬಾಗಿಲಲ್ಲೇ ಕೂತಿರುತ್ತಾಳೆ. ಬೇಡ ಅಂದರೆ ಕೇಳುವುದಿಲ್ಲ. ಏನು ಮಾಡಲಿ?
(ಒಬ್ಬ ಅಕ್ಕ, ವಿಜಯಪುರ)

ಉತ್ತರ: ಅಕ್ಕಾ, ಹೋಗಬೇಡ ಅನ್ನುವುದರ ಬದಲು ಎರಡು ಷರತ್ತು ಹಾಕಿ. ಒಬ್ಬನೇ ಹೋಗಬಾರದು, ಮೂವರಿದ್ದರೆ ಒಳ್ಳೆಯದು. ಒಬ್ಬ ಬಿದ್ದರೆ ಒಬ್ಬ ಹತ್ತಿರ ಇರುತ್ತಾನೆ, ಇನ್ನೊಬ್ಬ ಫೋನ್ ಸಿಗುವ ಕಡೆ ಹೋಗಿ ಬರುತ್ತಾನೆ. ಎರಡನೆಯದು, ಹೊರಡುವ ಮುಂಚೆ ಒಂದು ಚೀಟಿ ಬರೆದು ಅವ್ವನ ಕೈಗೆ ಕೊಡಬೇಕು. ಯಾವ ಊರ ಮೇಲೆ ಹೋಗುತ್ತಾರೆ, ಜೊತೆಗಿರುವವರ ಫೋನ್ ನಂಬರ್, ತಿರುಗಿ ಬರುವ ಹೊತ್ತು, ಅವನ ರಕ್ತದ ಗುಂಪು. ಬೇಸಿಗೆಯಾದರೆ ಮೂರು ಲೀಟರ್ ನೀರು ಬೆನ್ನಿಗಿರಬೇಕು. ನಮ್ಮ ಕಡೆ 40 ಡಿಗ್ರಿ ದಾಟಿದ ದಿನ ಗಾಡಿಗಿಂತ ಮೊದಲು ಮನುಷ್ಯ ಕೆಡುತ್ತಾನೆ.

ಈ ಮಾತನ್ನು ಅವನಿಗೂ ಅವನ ಗೆಳೆಯರಿಗೂ ಓದಿಸಿ. ಒಬ್ಬ ಜೋರಾಗಿ ಬಿದ್ದರೆ ಮೊದಲು ಆ ಗಾಡಿಯ ಇಂಜಿನ್ ಬಂದ್ ಮಾಡಿ, ಒಬ್ಬ ಹಿಂದಕ್ಕೆ ಹೋಗಿ ಬರುವ ಗಾಡಿಗಳಿಗೆ ಕೈ ಮಾಡಲಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಎಳೆದು ತೆಗೆಯಬೇಡಿ, ಕುತ್ತಿಗೆಗೆ ಪೆಟ್ಟಾಗಿರಬಹುದು. ತೆಗೆಯಲೇಬೇಕಾದರೆ ಇಬ್ಬರು ಬೇಕು, ಒಬ್ಬ ಕುತ್ತಿಗೆ, ತಲೆ ಅಲುಗದಂತೆ ಹಿಡಿದಿರಬೇಕು. ಎತ್ತಿ ಕೂರಿಸಬೇಡಿ, ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಬಲವಾಗಿ ಒತ್ತಿ ಹಿಡಿಯಿರಿ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ದಾರಿಯಲ್ಲಿ ಸಿಕ್ಕವರು ಪೊಲೀಸ್ ತಂಟೆ ಅಂತ ಹಿಂಜರಿದರೆ, ಸಹಾಯ ಮಾಡಿದವರಿಗೆ 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಯೇ ರಕ್ಷಣೆ ಕೊಟ್ಟಿದೆ ಎಂದು ಹೇಳಿ.

ನೀವು ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ಆರು ಗಂಟೆಗೆ ಬರುತ್ತೇನೆ ಎಂದು ಬರೆದವನು ಏಳೂವರೆಯಾದರೂ ಬರದಿದ್ದರೆ ಚೀಟಿಯಲ್ಲಿರುವ ಗೆಳೆಯರಿಗೆ ಒಬ್ಬೊಬ್ಬರಿಗೆ ಫೋನ್ ಮಾಡಿ. ಯಾರೂ ಸಿಗದಿದ್ದರೆ ರಾತ್ರಿ ಕಳೆಯಲಿ ಅಂತ ಕಾಯಬೇಡಿ, 112ಕ್ಕೆ ಹಚ್ಚಿ, ಚೀಟಿಯಲ್ಲಿ ಬರೆದ ಕೊನೆಯ ಊರಿನ ಹೆಸರನ್ನು ಮೊದಲು ಹೇಳಿ.